ಪಚ್ಚೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಮಕ್ಕಳೇ, ಕೊಳೆತ ಮಾಂಸವನ್ನು ಬೆಲೆ ಕೊಟ್ಟು ಕೊಳ್ಳುವ ಅಂಗಡಿಯನ್ನು ಎಲ್ಲಾದರೂ ನೋಡಿದ್ದೀರಾ? ನಮ್ಮ ಸಂತೆಗಳಲ್ಲಂತೂ ಇಲ್ಲ. ಆದರೆ ಮೈನ್‌ಕ್ರಾಫ್ಟ್ ಆಡುವ ಗೆಳೆಯರನ್ನು ಕೇಳಿ, ಇದೆ ಅನ್ನುತ್ತಾರೆ. ಆ ಆಟದ ಹಳ್ಳಿಗಳಲ್ಲಿ ನೇರಳೆ ನಿಲುವಂಗಿ ತೊಟ್ಟ ಕ್ಲೆರಿಕ್ ಒಬ್ಬನಿರುತ್ತಾನೆ. ಜಾಂಬಿಗಳನ್ನು ಹೊಡೆದಾಗ ಸಿಗುವ ಕೊಳೆತ ಮಾಂಸದ 32 ತುಂಡು ತಂದುಕೊಟ್ಟರೆ ಅವನು ನಿಮಗೊಂದು ಪಚ್ಚೆ ಹರಳು ಕೊಡುತ್ತಾನೆ. ಮೂಗು ಮುಚ್ಚಿಕೊಳ್ಳುವುದಿಲ್ಲ, ಚೌಕಾಸಿ ಮಾಡುವುದಿಲ್ಲ.

ಆ ಮಾಂಸ ತೆಗೆದುಕೊಂಡು ಅವನೇನು ಮಾಡುತ್ತಾನೆ? ತಿನ್ನುವುದಿಲ್ಲ, ಬೇರೆಯವರಿಗೆ ಮಾರುವುದೂ ಇಲ್ಲ. ನಿಮ್ಮ ಕೈ ಬಿಟ್ಟ ಕ್ಷಣವೇ ಅದು ಆ ಲೋಕದಿಂದ ಅಳಿಸಿಹೋಗುತ್ತದೆ. ಹಾಗಾದರೆ ಅವನು ಕೊಟ್ಟ ಪಚ್ಚೆ? ಅದನ್ನು ಅವನು ಗಣಿಯಲ್ಲಿ ಅಗೆದು ತಂದದ್ದಲ್ಲ, ಪೆಟ್ಟಿಗೆಯಲ್ಲಿ ಕೂಡಿಟ್ಟದ್ದೂ ಅಲ್ಲ. ವ್ಯಾಪಾರ ಮುಗಿದ ಆ ಗಳಿಗೆಯಲ್ಲಿ ಕಂಪ್ಯೂಟರ್ ಅದನ್ನು ಹೊಸದಾಗಿ ಸೃಷ್ಟಿಸಿತು. ಈ ಚಿಕ್ಕ ಸಂಗತಿಯ ಬಾಲ ಹಿಡಿದು ಹೊರಟರೆ ನಮ್ಮ ಜೇಬಿನ ನೋಟಿನವರೆಗೂ ಹೋಗಬಹುದು. ಬನ್ನಿ, ಹೋಗೋಣ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಮೈನ್‌ಕ್ರಾಫ್ಟ್ ಸ್ವೀಡನ್ ದೇಶದಲ್ಲಿ ಹುಟ್ಟಿದ್ದು. 2009ರಲ್ಲಿ ಜನರ ಕೈಗೆ ಬಂತು, 2011ರ ನವೆಂಬರ್‌ನಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆಯಾಯಿತು. ಒಬ್ಬರೇ ಆಡಬಹುದು, ಸರ್ವರ್ ಒಂದರಲ್ಲಿ ಸೇರಿ ಆನ್‌ಲೈನ್‌ನಲ್ಲಿ ಹತ್ತಾರು ಜನ ಒಟ್ಟಿಗೂ ಆಡಬಹುದು. ಅಲ್ಲಿಯ ನೆಲ, ಮರ, ಕಲ್ಲು ಎಲ್ಲವೂ ಚೌಕ ಚೌಕ ಬ್ಲಾಕ್‌ಗಳು. ಹಳ್ಳಿಗಳಲ್ಲಿ ಉದ್ದ ಮೂಗಿನ ವಿಲೇಜರ್‌ಗಳಿದ್ದಾರೆ. ಅವರನ್ನು ನಡೆಸುವುದು ಕಂಪ್ಯೂಟರ್. 2012ರಲ್ಲಿ ಅವರ ಜೊತೆ ಪಚ್ಚೆಯಲ್ಲಿ ವ್ಯಾಪಾರ ಮಾಡುವ ವ್ಯವಸ್ಥೆ ಬಂತು. 2019ರಲ್ಲಿ ಅದನ್ನು ಪೂರ್ತಿ ಹೊಸದಾಗಿ ಕಟ್ಟಿದರು. ಈಗ ಪ್ರತಿಯೊಬ್ಬ ವ್ಯಾಪಾರಿಗೂ ಒಂದು ಕಸುಬು, ಆ ಕಸುಬಿಗೊಂದು ಮೇಜು ಅಥವಾ ಸಲಕರಣೆ. ರೈತನ ಹತ್ತಿರ ಗೊಬ್ಬರದ ಪೆಟ್ಟಿಗೆ, ಲೈಬ್ರೇರಿಯನ್ ಹತ್ತಿರ ಪುಸ್ತಕ ಇಟ್ಟು ಓದುವ ಪೀಠ. ಹಸಿರು ಅಂಗಿಯ ಕೆಲವರಿದ್ದಾರೆ, ಅವರಿಗೆ ಕಸುಬೇ ಇಲ್ಲ, ವ್ಯಾಪಾರವೂ ಇಲ್ಲ. ಮುಂದೆ ನಾನು ಹೇಳುವ ದರಗಳೆಲ್ಲ ಆಟದ ಜಾವಾ ಆವೃತ್ತಿಯ ಸಾಮಾನ್ಯ ದರಗಳು.

ಪಚ್ಚೆ ಗಳಿಸುವ ಅತ್ಯಂತ ಸುಲಭದ ದಾರಿ ಬಾಣ ಮಾಡುವವನದು. ಆಟದಲ್ಲಿ ಅವನಿಗೆ ಫ್ಲೆಚರ್ ಎಂದು ಹೆಸರು. ಅವನಿಗೆ ಬೇಕಾದದ್ದು ಬರೀ ಕಡ್ಡಿ. 32 ಕಡ್ಡಿಗೆ ಒಂದು ಪಚ್ಚೆ. ಪೆನ್ಸಿಲ್ ತೆಗೆದುಕೊಳ್ಳಿ, ಲೆಕ್ಕ ಮಾಡೋಣ. ಒಂದು ದಿಮ್ಮಿ ಸೀಳಿದರೆ 4 ಹಲಗೆ. ಎರಡು ಹಲಗೆಯಿಂದ 4 ಕಡ್ಡಿ. ಅಂದರೆ ಒಂದು ದಿಮ್ಮಿಗೆ 8 ಕಡ್ಡಿ, 4 ದಿಮ್ಮಿಗೆ 32 ಕಡ್ಡಿ, ಅಲ್ಲಿಗೆ ಒಂದು ಪಚ್ಚೆ. ಅವನು ಒಮ್ಮೆಗೆ 16 ಸಲ ಮಾತ್ರ ವ್ಯಾಪಾರ ಮಾಡುತ್ತಾನೆ. 16 ಸಲ ಅಂದರೆ 512 ಕಡ್ಡಿ, 64 ದಿಮ್ಮಿ. ಆಟದಲ್ಲಿ ಚೀಲದ ಒಂದು ಖಾನೆಗೆ ಹಿಡಿಸುವುದೂ ಸರಿಯಾಗಿ 64 ದಿಮ್ಮಿಯೇ. ಕಾಡಿಗೆ ಹೋಗಿ ಒಂದು ಖಾನೆ ತುಂಬ ದಿಮ್ಮಿ ತಂದರೆ 16 ಪಚ್ಚೆ ಖಾತ್ರಿ. ಆಮೇಲೆ ಅವನ ಅಂಗಡಿ ಮುಚ್ಚುತ್ತದೆ, ಕೆಂಪು ಗುರುತು ಬೀಳುತ್ತದೆ. ಅವನು ತನ್ನ ಮೇಜಿನ ಹತ್ತಿರ ಹೋಗಿ ಕೆಲಸ ಮಾಡಿದ ಮೇಲೆ ಮತ್ತೆ ತೆರೆಯುತ್ತದೆ. ಹೀಗೆ ದಿನಕ್ಕೆ ಎರಡು ಸಲ. ಆಟದ ಒಂದು ದಿನ ಅಂದರೆ ನಮ್ಮ 20 ನಿಮಿಷ.

ಎರಡನೆಯ ಸಲ ಹೋದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಮೊದಲು 32 ಕಡ್ಡಿ ಸಾಕು ಅಂದವನು ಈಗ ಅದೇ ಒಂದು ಪಚ್ಚೆಗೆ ತುಂಬ ಹೆಚ್ಚು ಕಡ್ಡಿ ಕೇಳುತ್ತಾನೆ. ಇವನಿಗೆ ದುರಾಸೆ ಬಂತೇ? ಇಲ್ಲ. ಅವನ ತಲೆಯೊಳಗೆ ಇರುವುದು ಆಸೆಯಲ್ಲ, ಒಂದು ಸಣ್ಣ ಲೆಕ್ಕ.

ಪ್ರತಿ ಸರಕಿನ ಪಕ್ಕದಲ್ಲಿ ಕಂಪ್ಯೂಟರ್ ‘ಬೇಡಿಕೆ’ ಅಂತ ಒಂದು ಅಂಕಿ ಬರೆದಿಟ್ಟುಕೊಂಡಿರುತ್ತದೆ. ಶುರುವಿನಲ್ಲಿ ಅದು ಸೊನ್ನೆ. ಅಂಗಡಿ ಮತ್ತೆ ತೆರೆಯುವಾಗ ಅದು ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ: ಎಷ್ಟು ಸಲ ವ್ಯಾಪಾರ ಆಯಿತು? ಎಷ್ಟು ಸಲದ್ದು ಆಗದೆ ಉಳಿಯಿತು? ಆದದ್ದರಲ್ಲಿ ಉಳಿದದ್ದನ್ನು ಕಳೆದು, ಬಂದದ್ದನ್ನು ಆ ಅಂಕಿಗೆ ಸೇರಿಸುತ್ತದೆ. ನೀವು 16ರಲ್ಲಿ 12 ಸಲ ಮಾರಿದಿರಿ ಅನ್ನಿ. 12ರಲ್ಲಿ 4 ಕಳೆದರೆ 8. ಕಡ್ಡಿಯಂಥ ಸಾಮಾನ್ಯ ಸರಕಿಗೆ ಪ್ರತಿ ಒಂದು ಅಂಕಕ್ಕೆ ಮೂಲ ದರದ ಶೇಕಡ 5 ಏರುತ್ತದೆ. 8 ಅಂಕಕ್ಕೆ ಶೇಕಡ 40. 32ರ ಶೇಕಡ 40 ಅಂದರೆ 12.8, ಚೂರುಪಾರು ಬಿಟ್ಟು 12. ಹೊಸ ದರ 44 ಕಡ್ಡಿಯ ಆಸುಪಾಸು. ಸರಿಯಾಗಿ 8 ಸಲ ಮಾರಿದ್ದರೆ? ಎಂಟರಲ್ಲಿ ಎಂಟು ಕಳೆದರೆ ಸೊನ್ನೆ, ದರ ಅಲುಗುವುದಿಲ್ಲ. ಕೆಲವು ದಿನ ಅವನ ಕಡೆ ತಲೆಯೇ ಹಾಕದಿದ್ದರೆ ಏರಿದ ಅಂಕಿ ತಾನಾಗಿ ಇಳಿಯುತ್ತದೆ, ದರವೂ ಹಳೆಯ ಜಾಗಕ್ಕೆ ಬರುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ‘ದರ ಏರಿತು’ ಅಂದೆವು. ನಿಜವಾಗಿ ಏರಿದ್ದು ಯಾವುದರ ಬೆಲೆ? ಮೊದಲು ಒಂದು ಪಚ್ಚೆಗೆ 32 ಕಡ್ಡಿ, ಈಗ 44. ಒಂದು ಕಡ್ಡಿಗೆ ಈಗ ಮೊದಲಿಗಿಂತ ಕಡಿಮೆ ಪಚ್ಚೆ ಸಿಗುತ್ತಿದೆ. ಹಾಗಾದರೆ ಕಡ್ಡಿ ಅಗ್ಗವಾಯಿತು, ಪಚ್ಚೆ ತುಟ್ಟಿಯಾಯಿತು! ಬೆಲೆ ಅನ್ನುವುದು ಒಂದು ವಸ್ತುವಿನ ಒಳಗೆ ಕೂತಿರುವ ಗುಣವಲ್ಲ. ಎರಡು ವಸ್ತುಗಳ ನಡುವಿನ ಅನುಪಾತ. ದೊಡ್ಡವರೂ ಎಷ್ಟೋ ಸಲ ಇದನ್ನು ಮರೆಯುತ್ತಾರೆ. ನೀವು ಮಾತ್ರ ಮರೆಯಬೇಡಿ.

ಇದೇ ನಿಯಮ ನಮ್ಮಲ್ಲೂ ಇದೆ, ಆದರೆ ಅದನ್ನು ಯಾರೂ ಕೂತು ಬರೆದದ್ದಲ್ಲ. ಕೋಲಾರದ ಎಪಿಎಂಸಿ ಮಾರುಕಟ್ಟೆ ಟೊಮೆಟೊಗೆ ಹೆಸರುವಾಸಿ. ಅಲ್ಲಿ 15 ಕಿಲೋದ ಬಾಕ್ಸ್ ಲೆಕ್ಕದಲ್ಲಿ ಹರಾಜು. ಎಲ್ಲರ ಹೊಲದಲ್ಲೂ ಒಟ್ಟಿಗೇ ಬೆಳೆ ಬಂದರೆ ಬಾಕ್ಸ್‌ಗಳು ಗುಡ್ಡೆ ಬೀಳುತ್ತವೆ, ದರ ಕುಸಿಯುತ್ತದೆ. ಕಿತ್ತ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿ ಸುರಿದು ಹೋದದ್ದುಂಟು. 2023ರ ಜುಲೈನಲ್ಲಿ ಇದಕ್ಕೆ ತಿರುಗುಮುರುಗು: ಬೆಳೆ ಕಡಿಮೆ, ಕಿಲೋಗೆ 100 ರೂಪಾಯಿ ದಾಟಿತು. ಆಟಕ್ಕೂ ಕೋಲಾರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಫ್ಲೆಚರ್ ದರ ಕೆಡುವುದು ಅವನಿಗೆ ಹೆಚ್ಚು ಮಾರಿದ್ದಕ್ಕೆ. ಪಕ್ಕದ ಹಳ್ಳಿಯ ಇನ್ನೊಬ್ಬ ಫ್ಲೆಚರ್‌ಗೆ ಅದು ಗೊತ್ತೇ ಆಗುವುದಿಲ್ಲ, ಅಲ್ಲಿ ಹಳೆಯ ದರವೇ ಇರುತ್ತದೆ. ಕೋಲಾರದ ರೈತ ತನ್ನ ಪಾಡಿಗೆ ನಾಲ್ಕೇ ಬಾಕ್ಸ್ ತಂದಿದ್ದರೂ ಊರೆಲ್ಲ ತಂದ ಬೆಳೆಯ ಭಾರ ಅವನ ತಲೆಯ ಮೇಲೇ ಬೀಳುತ್ತದೆ. ಆಟದಲ್ಲಿ ಕಡ್ಡಿ ಅಗ್ಗವಾದರೆ ನಾವು ಗೋಧಿ ಮಾರುತ್ತೇವೆ. ನಿಜವಾದ ಹೊಲದಲ್ಲಿ ಬೆಳೆ ಬದಲಿಸಲು ಒಂದು ಹಂಗಾಮೇ ಕಾಯಬೇಕು, ಅಷ್ಟರೊಳಗೆ ಸಾಲದ ಕಂತು ಬಂದಿರುತ್ತದೆ.

ಈಗ ನನಗೆ ಬಹಳ ಇಷ್ಟವಾದ ಲೆಕ್ಕಕ್ಕೆ ಬರುತ್ತೇನೆ. ನಿಧಾನವಾಗಿ ಓದಿ.

ಅನುಭವ ಗಳಿಸಿದ ಲೈಬ್ರೇರಿಯನ್ ಗಾಜಿನ ಬ್ಲಾಕ್ ಮಾರುತ್ತಾನೆ, ಒಂದು ಪಚ್ಚೆಗೆ 4. ನಕ್ಷೆ ಬರೆಯುವವನೊಬ್ಬ ಇದ್ದಾನೆ. ಅವನು ತೆಳುವಾದ ಗಾಜಿನ ಹಾಳೆ ಕೊಳ್ಳುತ್ತಾನೆ, 11 ಹಾಳೆಗೆ ಒಂದು ಪಚ್ಚೆ. ಬ್ಲಾಕ್‌ನಿಂದ ಹಾಳೆ ಮಾಡುವುದು ನಮ್ಮ ಕೈಯಲ್ಲೇ ಇದೆ. 6 ಬ್ಲಾಕ್ ಜೋಡಿಸಿದರೆ 16 ಹಾಳೆ. ಒಬ್ಬನಿಂದ ಕೊಂಡು, ರೂಪ ಬದಲಿಸಿ, ಇನ್ನೊಬ್ಬನಿಗೆ ಮಾರಿದರೆ ಲಾಭವೇ?

33 ಪಚ್ಚೆಯಿಂದ ಶುರು ಮಾಡೋಣ. 33 ಪಚ್ಚೆಗೆ 132 ಬ್ಲಾಕ್ ಬಂತು. ಅದನ್ನು ಆರಾರರ 22 ಗುಂಪು ಮಾಡಿ. 22 ಗುಂಪಿಗೆ ಹದಿನಾರರಂತೆ 352 ಹಾಳೆ. ಅದನ್ನು 11ರಿಂದ ಭಾಗಿಸಿದರೆ 32. ಕೈಗೆ ಬಂದದ್ದು 32 ಪಚ್ಚೆ! 33 ಹಾಕಿ 32 ತೆಗೆದೆವು. ಇಷ್ಟೆಲ್ಲ ಓಡಾಡಿ ಒಂದು ಪಚ್ಚೆ ನಷ್ಟ. ಕೂದಲೆಳೆಯ ಅಂತರದಲ್ಲಿ ಲಾಭದ ಬಾಗಿಲು ಮುಚ್ಚಿದೆ, ನೋಡಿ.

ಆದರೆ ಆ ಬಾಗಿಲಿಗೆ ಒಂದು ಸಂದು ಇದೆ. ವಿಲೇಜರ್‌ಗಳು ಮಾತಾಡಿಕೊಳ್ಳುತ್ತಾರೆ. ಹೌದು, ಇಬ್ಬರು ಎದುರಾದಾಗ ನಿಮ್ಮ ಸುದ್ದಿಯನ್ನು ಒಬ್ಬರಿಗೊಬ್ಬರು ದಾಟಿಸುತ್ತಾರೆ. ನೀವು ಯಾರಿಗಾದರೂ ಹೊಡೆದರೆ ಕೆಟ್ಟ ಹೆಸರು ಹರಡಿ ದರ ನಿಮ್ಮ ಪಾಲಿಗೆ ತುಟ್ಟಿಯಾಗುತ್ತದೆ. ಜಾಂಬಿಯಾಗಿ ಹೋದ ವಿಲೇಜರ್ ಒಬ್ಬನಿಗೆ ಮದ್ದು ಎರಚಿ, ಚಿನ್ನದ ಸೇಬು ತಿನ್ನಿಸಿ ಗುಣ ಮಾಡಿದರೆ ಅವನು ಒಳ್ಳೆಯ ರಿಯಾಯಿತಿ ಕೊಡುತ್ತಾನೆ. ಒಬ್ಬನ ಹತ್ತಿರವೇ ನಾಲ್ಕಾರು ಸಲ ವ್ಯಾಪಾರ ಮಾಡುತ್ತ ಬಂದರೂ ಚೂರು ಸಲುಗೆ ಬೆಳೆಯುತ್ತದೆ. ಇವೆಲ್ಲವೂ ಕಂಪ್ಯೂಟರ್‌ನೊಳಗೆ ಬರೆದಿಟ್ಟ ಅಂಕಿಗಳೇ. ಒಳ್ಳೆಯ ಹೆಸರು ಅನ್ನುವುದು ಕೂಡಿಸುವ ಕಳೆಯುವ ಸಂಖ್ಯೆಯಾಗಿ ಕೂತಿರುವುದನ್ನು ನೋಡಿದಾಗ ನನಗೆ ಸಂತೋಷವೇ ಆಯಿತು.

ನಕ್ಷೆಗಾರ ನಿಮ್ಮ ಮೇಲಿನ ವಿಶ್ವಾಸಕ್ಕೆ ಒಂದೇ ಒಂದು ಹಾಳೆ ಬಿಟ್ಟುಕೊಟ್ಟ ಅಂದುಕೊಳ್ಳಿ, 11ರ ಬದಲು 10. ಈಗ ಅದೇ 352 ಹಾಳೆಗೆ 35 ಪಚ್ಚೆ ಬರುತ್ತದೆ, 2 ಹಾಳೆ ಕೈಯಲ್ಲಿ ಉಳಿಯುತ್ತದೆ. 33 ಹಾಕಿದರೆ 35! ಈ ಸುತ್ತನ್ನು ತಿರುಗಿಸುತ್ತಲೇ ಇದ್ದರೆ ಕಾಡಿಗೂ ಹೋಗಬೇಕಿಲ್ಲ, ಗಣಿಯನ್ನೂ ತೋಡಬೇಕಿಲ್ಲ. ಒಂದು ಕಡೆಯ ದರಕ್ಕೂ ಇನ್ನೊಂದು ಕಡೆಯ ದರಕ್ಕೂ ಇರುವ ವ್ಯತ್ಯಾಸದಿಂದಲೇ ಲಾಭ ತೆಗೆಯುವ ಇಂಥ ವ್ಯಾಪಾರವನ್ನು ಅರ್ಥಶಾಸ್ತ್ರಜ್ಞರು ಆರ್ಬಿಟ್ರೇಜ್ ಅನ್ನುತ್ತಾರೆ. ಲೋಕದ ಷೇರುಪೇಟೆಗಳಲ್ಲಿ, ವಿದೇಶಿ ನಾಣ್ಯಗಳ ಪೇಟೆಯಲ್ಲಿ ಹಗಲೂ ರಾತ್ರಿ ಇದನ್ನೇ ಹುಡುಕುವವರಿದ್ದಾರೆ.

ಹಾಗಾದರೆ ಎಲ್ಲರೂ ಕೋಟ್ಯಧೀಶರಾಗಬೇಕಿತ್ತಲ್ಲ? ಇಲ್ಲೇ ಆ ಬೇಡಿಕೆಯ ಅಂಕಿ ಅಡ್ಡ ಬರುವುದು. ನಕ್ಷೆಗಾರ ಹಾಳೆಯನ್ನು ಒಮ್ಮೆಗೆ ಕೊಳ್ಳುವುದು 16 ಸಲ ಮಾತ್ರ. ಅಷ್ಟನ್ನೂ ನೀವು ಆತುರದಲ್ಲಿ ಮುಗಿಸಿದರೆ ಅಂಕಿ 16ಕ್ಕೆ ಏರುತ್ತದೆ. ಮುಂದಿನ ಸಲ ಅವನು ಇನ್ನೂ ಎಂಟು ಹಾಳೆ ಹೆಚ್ಚು ಕೇಳುತ್ತಾನೆ. ಲಾಭದ ಸಂದು ಮುಚ್ಚಿತು. ಎಂಟು ಸಲಕ್ಕೇ ನಿಲ್ಲಿಸಿದವರಿಗೆ ಮಾತ್ರ ಸಂದು ತೆರೆದೇ ಇರುತ್ತದೆ, ಆದರೆ ಲಾಭ ಹನಿ ಹನಿ. ಮಾಡಿದ ಕೆಲಸದ ಪರಿಣಾಮವೇ ಮರಳಿ ಬಂದು ಆ ಕೆಲಸಕ್ಕೆ ಕಡಿವಾಣ ಹಾಕುವುದಕ್ಕೆ ವಿಜ್ಞಾನದಲ್ಲಿ ಋಣಾತ್ಮಕ ಹಿಮ್ಮಾಹಿತಿ ಎಂದು ಹೆಸರು. ನಿಮ್ಮ ಮೈಯ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುವುದೂ ಇದರಿಂದಲೇ: ಮೈ ಕಾದರೆ ಬೆವರುತ್ತದೆ, ಬೆವರು ಆರುತ್ತ ಮೈ ತಣಿಯುತ್ತದೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ನೀವು ಮಾರಿದಾಗಲೆಲ್ಲ ಹೊಸ ಪಚ್ಚೆ ಹುಟ್ಟುತ್ತದೆ. ನೀವು ವ್ಯಾಪಾರಿಯಿಂದ ಕೊಂಡಾಗ, ಕೊಟ್ಟ ಪಚ್ಚೆ ಅವನ ಗಲ್ಲಾಪೆಟ್ಟಿಗೆ ಸೇರದೆ ಅಳಿಸಿಹೋಗುತ್ತದೆ. ಆಟ ಕಟ್ಟುವವರು ಹಣ ಒಳಬರುವ ಜಾಗಕ್ಕೆ ‘ನಲ್ಲಿ’ ಎಂದೂ, ಹೊರಹೋಗುವ ಜಾಗಕ್ಕೆ ‘ಸಿಂಕ್’ ಎಂದೂ ಕರೆಯುತ್ತಾರೆ. ಒಬ್ಬರೇ ಆಡುವಾಗ ನಲ್ಲಿ ಜೋರಾದರೂ ತೊಂದರೆಯಿಲ್ಲ. ಹತ್ತು ಜನ ಸೇರಿ ಆಡುವ ಸರ್ವರ್‌ನಲ್ಲಿ ಕಥೆ ಬೇರೆ. ಒಬ್ಬಳು ಹುಡುಗಿ ತಾನು ಮಾಡಿದ ವಜ್ರದ ಗುದ್ದಲಿಯನ್ನು 20 ಪಚ್ಚೆಗೆ ಮಾರುತ್ತಿದ್ದಾಳೆ ಅನ್ನಿ. ಎಲ್ಲರ ಪೆಟ್ಟಿಗೆಯಲ್ಲೂ ಪಚ್ಚೆ ತುಂಬಿ ತುಳುಕತೊಡಗಿದಾಗ ಒಬ್ಬ 30 ಕೊಡುತ್ತೇನೆ ಅನ್ನುತ್ತಾನೆ, ಇನ್ನೊಬ್ಬ 60. ಗುದ್ದಲಿ ಅದೇ ಗುದ್ದಲಿ. ಎಲ್ಲರ ಕೈಯಲ್ಲೂ ಪಚ್ಚೆ ಹೆಚ್ಚಾಗಿದೆ, ಆದರೆ ಯಾರೂ ಮೊದಲಿಗಿಂತ ಶ್ರೀಮಂತರಾಗಿಲ್ಲ. ಹಣದುಬ್ಬರ ಅಂತ ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದರ ಒಂದು ಮುಖ ಇದು.

ಮೈಸೂರಿನಲ್ಲಿ ನಮ್ಮ ದೇಶದ ನೋಟು ಅಚ್ಚು ಹಾಕುವ ಮುದ್ರಣಾಲಯವಿದೆ. ‘ಅಲ್ಲಿ ಬೇಕಾದಷ್ಟು ನೋಟು ಅಚ್ಚು ಹಾಕಿ ಬಡವರಿಗೆಲ್ಲ ಯಾಕೆ ಹಂಚಬಾರದು?’ ಅಂತ ನೀವು ಮನೆಯಲ್ಲಿ ಕೇಳಿರುತ್ತೀರಿ. ಬಹಳ ಒಳ್ಳೆಯ ಪ್ರಶ್ನೆ ಅದು, ಕೇಳಿದ್ದಕ್ಕೆ ನಾಚಿಕೆ ಬೇಡ. ಉತ್ತರ ಆ ಗುದ್ದಲಿಯಲ್ಲೇ ಇದೆ. ನೋಟು ಇಮ್ಮಡಿಯಾದರೆ ಅಕ್ಕಿ ಇಮ್ಮಡಿಯಾಗುವುದಿಲ್ಲ, ಮನೆ ಇಮ್ಮಡಿಯಾಗುವುದಿಲ್ಲ. ಅದೇ ಅಕ್ಕಿಯ ಹಿಂದೆ ಹೆಚ್ಚು ನೋಟು ಓಡುತ್ತದೆ, ದರ ಏರುತ್ತದೆ. ಅದಕ್ಕೇ ಎಷ್ಟು ಹಣ ಚಲಾವಣೆಯಲ್ಲಿರಬೇಕು ಎಂಬುದರ ಮೇಲೆ ಭಾರತೀಯ ರಿಸರ್ವ್ ಬ್ಯಾಂಕ್ ಕಣ್ಣಿಟ್ಟಿರುತ್ತದೆ.

ಆಟದವರು ಈ ಪಾಠವನ್ನು ಪೆಟ್ಟು ತಿಂದೇ ಕಲಿತರು. 1997ರಲ್ಲಿ ಅಮೆರಿಕದ ಆಸ್ಟಿನ್ ನಗರದ ಒರಿಜಿನ್ ಸಿಸ್ಟಮ್ಸ್ ಕಂಪನಿ ಅಲ್ಟಿಮಾ ಆನ್‌ಲೈನ್ ಎಂಬ ಆಟ ತಂದಿತು. ಅದನ್ನು ಕಟ್ಟಿದವರ ಯೋಚನೆ ಚೆನ್ನಾಗಿತ್ತು. ಆ ಲೋಕದಲ್ಲಿ ಒಟ್ಟು ಸಾಮಗ್ರಿ ಇಷ್ಟೇ ಅಂತ ನಿಗದಿ. ಒಂದು ವಸ್ತು ಹಾಳಾದರೆ ಅದರ ಪಾಲು ನಿಸರ್ಗಕ್ಕೆ ಮರಳಿ, ಅದರಿಂದ ಹೊಸ ಅದಿರು, ಹೊಸ ಪ್ರಾಣಿ ಹುಟ್ಟಬೇಕು. ನಡೆದದ್ದೇ ಬೇರೆ. ಆಟಗಾರರು ಏನನ್ನೂ ಬಿಸಾಡಲಿಲ್ಲ. ಸಿಕ್ಕಿದ್ದನ್ನೆಲ್ಲ ಕೂಡಿಟ್ಟು ಕೂತರು. ಸಾಮಗ್ರಿಯೆಲ್ಲ ಪೆಟ್ಟಿಗೆ ಸೇರಿತು, ಹೊಸದೇನೂ ಹುಟ್ಟದ ಸ್ಥಿತಿ ಬಂತು. ಕೊನೆಗೆ ಆ ಯೋಜನೆ ಕೈಬಿಟ್ಟು ನಲ್ಲಿ, ಸಿಂಕ್‌ಗಳ ದಾರಿಗೆ ಬಂದರು. ಚಿನ್ನವನ್ನು ನಕಲು ಮಾಡಬಹುದಾದ ದೋಷಗಳನ್ನೂ ಆಟಗಾರರು ಹುಡುಕಿಕೊಂಡರು. ಚಿನ್ನದ ಬೆಲೆ ನೆಲಕಚ್ಚಿತು.

1999ರಲ್ಲಿ ಬಂದ ಎವರ್‌ಕ್ವೆಸ್ಟ್ ಆಟದ ಲೋಕಕ್ಕೆ ನೊರಾತ್ ಎಂದು ಹೆಸರು. ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅರ್ಥಶಾಸ್ತ್ರಜ್ಞರು ಅದರ ಲೆಕ್ಕ ಹಾಕಿ 2001ರಲ್ಲಿ ಪ್ರಬಂಧ ಬರೆದರು. ಇಲ್ಲದ ಆ ದೇಶದ ತಲಾ ಉತ್ಪನ್ನ ಆಗಿನ ರಷ್ಯಾ, ಬಲ್ಗೇರಿಯಾಗಳ ನಡುವೆ ನಿಲ್ಲುತ್ತದೆ ಎಂದು ತೋರಿಸಿದರು! 2007ರಲ್ಲಿ ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ ತನ್ನ ಈವ್ ಆನ್‌ಲೈನ್ ಆಟಕ್ಕೆಂದೇ ಎಯ್ಯೋಲ್ವುರ್ ಗುಡ್ಮುಂಡ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ಕೆಲಸಕ್ಕೆ ಸೇರಿಸಿಕೊಂಡಿತು. ಆ ಆಟದಲ್ಲಿ ಎಷ್ಟು ಹಣ ಹುಟ್ಟಿತು, ಎಷ್ಟು ಅಳಿಯಿತು ಎಂಬ ವರದಿಗಳೂ ಹೊರಬರುತ್ತವೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಹರಾಜು ಕಟ್ಟೆಯಲ್ಲಿ ಮಾರಿದ ಮೊತ್ತದ ಶೇಕಡ 5 ಕಡಿತವಾಗುತ್ತದೆ. ಅದು ಯಾರ ಜೇಬಿಗೂ ಹೋಗುವುದಿಲ್ಲ, ಅಳಿಯುವುದಕ್ಕೆಂದೇ ಇರುವ ಕಡಿತ ಅದು.

ನಡುವೆ ಒಂದು ಮಾತು, ದಯವಿಟ್ಟು ಗಮನ ಕೊಡಿ. ವಿಲೇಜರ್ ಜೊತೆಗಿನ ವ್ಯಾಪಾರಕ್ಕೆ ಒಂದು ರೂಪಾಯಿಯೂ ಬೇಕಿಲ್ಲ. ಸರ್ವರ್‌ನಲ್ಲಿ ಯಾರಾದರೂ ಪಚ್ಚೆ ಕೊಡುತ್ತೇನೆ, ನಿಜವಾದ ಹಣ ಕಳಿಸು, ಪಾಸ್‌ವರ್ಡ್ ಹೇಳು, ಫೋನಿಗೆ ಬಂದ ಒಟಿಪಿ ಹೇಳು ಅಂದರೆ ಅಲ್ಲಿಗೇ ಆಟ ನಿಲ್ಲಿಸಿ ಅಪ್ಪನಿಗೋ ಅಮ್ಮನಿಗೋ ತೋರಿಸಿ.

ನಾನು ಹೇಳಿದ್ದನ್ನು ಹಾಗೇ ನಂಬಬೇಡಿ, ಪರೀಕ್ಷೆ ಮಾಡಿ. ಆಟದಲ್ಲಿ ಇಬ್ಬರು ಫ್ಲೆಚರ್‌ಗಳನ್ನು ಹುಡುಕಿ. ಇಬ್ಬರೂ ನೀವು ಮೊದಲು ವ್ಯಾಪಾರ ಮಾಡದವರಾಗಿರಲಿ. ಒಬ್ಬನಿಗೆ ಕೆಂಪು ಗುರುತು ಬೀಳುವವರೆಗೆ 16 ಸಲವೂ ಮಾರಿ. ಇನ್ನೊಬ್ಬನಿಗೆ ಐದು ಸಲ ಮಾತ್ರ ಮಾರಿ. ಇಬ್ಬರೂ ಮೇಜಿನ ಹತ್ತಿರ ಹೋಗಿ ಬರುವವರೆಗೆ ಕಾಯಿರಿ. ಆಮೇಲೆ ಇಬ್ಬರ ದರವನ್ನೂ ನೋಟ್‌ಬುಕ್ಕಿನಲ್ಲಿ ದಿನದ ಲೆಕ್ಕದಲ್ಲಿ ಬರೆಯಿರಿ. ಮೊದಲನೆಯವನನ್ನು ನಾಲ್ಕು ದಿನ ಮುಟ್ಟದೆ ಬಿಟ್ಟು, ದರ ಹೇಗೆ ಇಳಿಯುತ್ತದೆ ಅಂತ ನೋಡಿ. ಚೌಕುಳಿ ಹಾಳೆಯ ಮೇಲೆ ಗ್ರಾಫ್ ಬರೆದು ನಿಮ್ಮ ಗಣಿತದ ಮೇಷ್ಟ್ರಿಗೋ ಟೀಚರ್‌ಗೋ ತೋರಿಸಿ. ನಾನು ಹೇಳಿದ ಲೆಕ್ಕಕ್ಕೂ ನಿಮ್ಮ ಅಂಕಿಗೂ ಒಂದೆರಡು ಕಡ್ಡಿಯ ವ್ಯತ್ಯಾಸ ಬಂದರೆ, ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ನೀವೇ ಹುಡುಕಿ; ಸುಳಿವು ಈ ಬರಹದಲ್ಲೇ ಇದೆ.